ಮೂರನೇ ವಾರಕ್ಕೆ ನಿಂತುಹೋಗುವ ಫಂಡ್‌ರೈಸಿಂಗ್ ಕೆಲಸವನ್ನು ವರ್ಷವಿಡೀ ನಡೆಸುವುದು ಹೇಗೆ?

ಪ್ರಶ್ನೆ: ನಾನು ಒಂದು ಸಣ್ಣ ಸೇವಾ ಸಂಸ್ಥೆ ನಡೆಸುತ್ತೇನೆ. ಓದಲು ಕಷ್ಟಪಡುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಓದು ಕಲಿಸುವುದು ನಮ್ಮ ಕೆಲಸ. ಪೂರ್ತಿ ಸಮಯ ದುಡಿಯುವವರು ಮೂವರೇ. ನಮ್ಮ ಎಕ್ಸೆಲ್ ಶೀಟಿನಲ್ಲಿ ಸುಮಾರು 140 ದಾನಿಗಳ ಹೆಸರಿದೆ. ಪ್ರತಿ ಸಲ ಲೆಕ್ಕದ ವರ್ಷ ಮುಗಿಯಲು ಎರಡು ತಿಂಗಳಿರುವಾಗ ದುಡ್ಡಿಗಾಗಿ ಓಡಾಟ ಶುರುವಾಗುತ್ತದೆ. ಇನ್ನು ಮೇಲೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಮಾಡೋಣ ಅಂತ ನಾಲ್ಕು ಸಲ ತೀರ್ಮಾನ ಮಾಡಿದ್ದೇವೆ. ಎರಡು ವಾರ ಚೆನ್ನಾಗಿ ನಡೆಯುತ್ತದೆ. ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಆರು ವರ್ಷ ತಪ್ಪದೆ ಕೊಡುತ್ತಿದ್ದ ಒಬ್ಬ ನಿವೃತ್ತ ಶಿಕ್ಷಕಿ ಈ ವರ್ಷ ಕೊಡಲಿಲ್ಲ. ಫೋನ್ ಮಾಡಲು ಮುಜುಗರವಾಗಿ ಬಿಟ್ಟುಬಿಟ್ಟೆ. ನಮ್ಮಲ್ಲಿ ಶಿಸ್ತು ಇಲ್ಲವೇ? ಪ್ರತಿ ವಾರ ನಿಜಕ್ಕೂ ಏನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು "ಮೂರನೇ ವಾರಕ್ಕೆ ನಿಂತುಹೋಗುತ್ತದೆ" ಅನ್ನುವ ಸಾಲನ್ನು. ಇಪ್ಪತ್ತು ವರ್ಷಗಳಿಂದ ಸಣ್ಣ ಸಂಸ್ಥೆಗಳ ಜೊತೆ ಈ ಕೆಲಸ ಮಾಡುತ್ತಿದ್ದೇನೆ. ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಎಲ್ಲರೂ ಕೊನೆಗೆ ಕೇಳುವುದು ನೀವು ಕೇಳಿದ್ದನ್ನೇ: ನಮ್ಮಲ್ಲಿ ಶಿಸ್ತು ಇಲ್ಲವೇ? ಶಿಸ್ತಿಲ್ಲದವರಿಂದ ಇಷ್ಟು ವರ್ಷ ಮಕ್ಕಳಿಗೆ ಓದು ಕಲಿಸುವ ಕೆಲಸ ನಡೆಸಲು ಆಗುತ್ತಿರಲಿಲ್ಲ. ಆ ಅನುಮಾನವನ್ನು ಮೊದಲು ಪಕ್ಕಕ್ಕಿಡಿ.

ತೊಡಕು ಇರುವುದು "ವಾರ" ಅನ್ನುವುದರಲ್ಲೇ. ಅಭ್ಯಾಸ ಹೇಗೆ ಹತ್ತುತ್ತದೆ ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ್ದರು. ಅವರ ವರದಿ 2010ರಲ್ಲಿ ಅಚ್ಚಾಯಿತು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ನಡೆಯುವುದು ಇಂಥ ದಿನನಿತ್ಯದ ಸಣ್ಣ ಕೆಲಸಗಳು ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವಾದರೂ ಬೇಕು ಅಂತ ಲೆಕ್ಕ ಬಂತು. ಅದೆಲ್ಲ ಪ್ರತಿದಿನ ಮಾಡಿದ ಕೆಲಸದ ಮಾತು. ಈಗ ವಾರಕ್ಕೊಮ್ಮೆ ಮಾಡುವ ಕೆಲಸಕ್ಕೆ ಇದೇ ಲೆಕ್ಕ ಹಾಕಿ ನೋಡಿ. 66 ಸಲ ಆಗಬೇಕಾದರೆ ಒಂದೂಕಾಲು ವರ್ಷ ಬೇಕು! ಇದು ನಾನು ಹಾಕಿದ ಲೆಕ್ಕ, ಅವರು ವಾರದ ಕೆಲಸಗಳನ್ನು ಅಳೆದಿರಲಿಲ್ಲ. ಆದರೂ ನನ್ನ ಅನುಭವಕ್ಕೆ ಇದು ಸರಿಹೊಂದುತ್ತದೆ. ಹಲ್ಲುಜ್ಜುವುದು ರೂಢಿಯಾದ ಹಾಗೆ ವಾರದ ಕೆಲಸ ರೂಢಿಯಾಗುವುದಿಲ್ಲ. ಏಳು ದಿನದಲ್ಲಿ ಮನಸ್ಸು ಅದನ್ನು ಮರೆತೇ ಬಿಟ್ಟಿರುತ್ತದೆ. ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗೆ ಅನ್ನಿಸುತ್ತದೆ.

ಅದಕ್ಕೇ ನಾನು ಹೇಳುವುದು, ಇದು ತಾನಾಗಿ ರೂಢಿಯಾಗಲಿ ಅಂತ ಕಾಯಬೇಡಿ. ಡಾಕ್ಟರ ಹತ್ತಿರ ಹೋಗುವುದನ್ನು ಯಾರಾದರೂ ಅಭ್ಯಾಸ ಅನ್ನುತ್ತಾರಾ? ಟೈಮ್ ಕೊಟ್ಟಿರುತ್ತಾರೆ, ಅಲ್ಲಿ ಒಬ್ಬರು ಕಾಯುತ್ತಿರುತ್ತಾರೆ, ಹೋಗುತ್ತೇವೆ. ನಿಮ್ಮ ವಾರದ ಫಂಡ್‌ರೈಸಿಂಗ್ ಕೆಲಸಕ್ಕೂ ಅವೆರಡೂ ಬೇಕು. ಒಂದು ಗೊತ್ತಾದ ಹೊತ್ತು, ಅಲ್ಲಿ ನಿಮಗಾಗಿ ಕಾಯುವ ಒಬ್ಬರು.

ಹೊತ್ತಿನ ವಿಷಯ ಮೊದಲು ಹೇಳುತ್ತೇನೆ. "ಈ ವಾರ ದಾನಿಗಳಿಗೆ ಫೋನ್ ಮಾಡಬೇಕು" ಅನ್ನುವುದು ಬರೀ ಆಸೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1999ರ ಒಂದು ಲೇಖನದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಏನು ಮಾಡಬೇಕು ಎಂದು ಮಾತ್ರ ತೀರ್ಮಾನಿಸಿದವರಿಗಿಂತ, ಯಾವಾಗ, ಎಲ್ಲಿ, ಹೇಗೆ ಎಂದೂ ತೀರ್ಮಾನಿಸಿಕೊಂಡವರು ಕೆಲಸ ಮಾಡಿ ಮುಗಿಸುವುದು ಜಾಸ್ತಿ. ಹಾಗಾಗಿ ನಿಮ್ಮ ವಾಕ್ಯ ಹೀಗಿರಲಿ: "ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಬಾಗಿಲು ತೆಗೆದ ಕೂಡಲೇ, ಮೇಲ್ ನೋಡುವ ಮುಂಚೆ, ದಾನಿಗಳ ಶೀಟ್ ತೆಗೆದು ಮೊದಲ ಹೆಸರಿಗೆ ಫೋನ್ ಮಾಡುತ್ತೇನೆ." ಮೇಲ್ ನೋಡುವ ಮುಂಚೆ ಅನ್ನುವುದನ್ನು ಬಿಡಬೇಡಿ. ಮೇಲ್ ತೆರೆದರೆ ಆ ಬೆಳಿಗ್ಗೆ ಬೇರೆಯವರ ಕೆಲಸಕ್ಕೆ ಹೋಗುತ್ತದೆ.

ಸೋಮವಾರ ಇಟ್ಟುಕೊಳ್ಳಬೇಡಿ. ವಾರದ ಜಂಜಾಟವೆಲ್ಲ ಅವತ್ತೇ ಬಂದು ಬೀಳುತ್ತದೆ. ವಾರದ ಕೊನೆಯ ದಿನವೂ ಬೇಡ. ತಪ್ಪಿದರೆ ಆ ವಾರದಲ್ಲಿ ಮತ್ತೆ ಮಾಡಲು ದಿನವೇ ಉಳಿದಿರುವುದಿಲ್ಲ. ಮಂಗಳವಾರ ಒಂದೂವರೆ ಗಂಟೆ, ಗುರುವಾರ ಅರ್ಧ ಗಂಟೆ ಇಟ್ಟುಕೊಳ್ಳಿ. ಮಂಗಳವಾರ ಮಾತಾಡುವ ಕೆಲಸ, ಗುರುವಾರ ಬರೆದಿಡುವ ಕೆಲಸ. ಮೂವರೇ ಇರುವ ಸಂಸ್ಥೆಗೆ ಇಷ್ಟು ಸಾಕು. ವಾರಕ್ಕೆ ಹತ್ತು ಗಂಟೆಯ ಯೋಜನೆ ಹಾಕಿಕೊಂಡು ಮೂರನೇ ವಾರಕ್ಕೆ ಬಿಟ್ಟುಬಿಡುವುದಕ್ಕಿಂತ, ಎರಡು ಗಂಟೆ ಇಟ್ಟುಕೊಂಡು 48 ವಾರ ನಡೆಸುವುದೇ ಮೇಲು.

ಇನ್ನು ಕಾಯುವ ಒಬ್ಬರ ವಿಷಯ. ಅವರು ನಿಮ್ಮ ಸಹೋದ್ಯೋಗಿ ಆಗಬಹುದು, ಒಬ್ಬ ಟ್ರಸ್ಟಿ ಆಗಬಹುದು, ಬೇರೆ ಸಂಸ್ಥೆಯ ಗೆಳತಿಯೂ ಆಗಬಹುದು. ಅವರು ನಿಮ್ಮ ಪರವಾಗಿ ಕೆಲಸ ಮಾಡಬೇಕಿಲ್ಲ. ಮಂಗಳವಾರ ಹನ್ನೊಂದೂವರೆಗೆ ನೀವು ಅವರಿಗೆ ಒಂದು ಸಾಲಿನ ಮೆಸೇಜ್ ಕಳಿಸಬೇಕು, ಅಷ್ಟೇ. "ಧನ್ಯವಾದ 4, ಕೇಳಿದ್ದು 3." ಬಾರದಿದ್ದರೆ ಅವರು "ಇವತ್ತು ಏನಾಯ್ತು?" ಅಂತ ಕೇಳಬೇಕು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ನಾನು ನೋಡಿದ ಮಟ್ಟಿಗೆ, ಮೂರನೇ ವಾರ ದಾಟಿದವರು ಮತ್ತು ದಾಟದವರ ನಡುವೆ ಇದ್ದ ದೊಡ್ಡ ವ್ಯತ್ಯಾಸ ಈ ಒಂದು ಪ್ರಶ್ನೆಯೇ.

ಆ ಒಂದೂವರೆ ಗಂಟೆಯಲ್ಲಿ ಏನು ಮಾಡುವುದು? ಧನ್ಯವಾದದಿಂದ ಶುರು ಮಾಡಿ. ಹೇಳುವುದಕ್ಕೆ ಸುಲಭ, ಆ ಕಡೆಯವರಿಗೂ ಖುಷಿ, ನಿಮ್ಮ ಗಂಟಲೂ ಸಡಿಲವಾಗುತ್ತದೆ. ಹಿಂದಿನ ಮಂಗಳವಾರದಿಂದ ಇವತ್ತಿನವರೆಗೆ ಯಾರು ಕೊಟ್ಟಿದ್ದಾರೋ ಅವರೆಲ್ಲರಿಗೂ, ಮೊತ್ತ ಎಷ್ಟೇ ಇರಲಿ. ರಸೀದಿ ಬೇರೆ, ಧನ್ಯವಾದ ಬೇರೆ. ರಸೀದಿ ಕಂಪ್ಯೂಟರ್ ಕಳಿಸುತ್ತದೆ. ಧನ್ಯವಾದ ನೀವೇ ಹೇಳಬೇಕು.

ಒಂದು ಕರೆ ಹೇಗಿರಬಹುದು ಅಂತ ತೋರಿಸುತ್ತೇನೆ.

"ನಮಸ್ಕಾರ ಸರ್. ಓದಿನ ಕೇಂದ್ರದಿಂದ ಮಾತಾಡ್ತಿದ್ದೇನೆ. ಶುಕ್ರವಾರ ನೀವು ಕಳಿಸಿದ್ದು ಬಂದು ತಲುಪಿತು. ಎರಡು ನಿಮಿಷ ಮಾತಾಡಬಹುದಾ? ನಿನ್ನೆ ಒಂದು ವಿಷಯ ನಡೀತು, ನಿಮಗೆ ಹೇಳಬೇಕು ಅನ್ನಿಸ್ತು. ನಮ್ಮಲ್ಲಿ ಒಬ್ಬಳು ಹುಡುಗಿ ಮೂರು ತಿಂಗಳಿಂದ ಬಾಯಿಯೇ ಬಿಡ್ತಿರಲಿಲ್ಲ. ನಿನ್ನೆ ಒಂದು ಪುಟ ಪೂರ್ತಿ ಓದಿದಳು. ಓದಿ ಮುಗಿಸಿ ಪುಸ್ತಕ ಮುಚ್ಚಲಿಲ್ಲ ಸರ್, ಮತ್ತೆ ಮೊದಲಿಂದ ಓದಿದಳು. ಅಷ್ಟೇ. ಬೇರೇನೂ ಕೇಳೋಕೆ ಫೋನ್ ಮಾಡಿದ್ದಲ್ಲ."

ಇಲ್ಲಿ ಗಮನಿಸಿ, ಸಂಸ್ಥೆಯ ಗುರಿ, ಧ್ಯೇಯ ಯಾವುದರ ಮಾತೂ ಇಲ್ಲ. ಒಂದು ಮಗು, ಒಂದು ಪುಟ, ನಿನ್ನೆ. ಕೊನೆಗೆ "ಬೇರೇನೂ ಕೇಳೋಕಲ್ಲ" ಅಂದ ಮೇಲೆ ನಿಜವಾಗಿಯೂ ಏನೂ ಕೇಳಬಾರದು. ಆ ಕಡೆಯವರು ಮಾತು ಮುಂದುವರಿಸಿದರೆ ಕೇಳಿಸಿಕೊಳ್ಳಿ. ಎಷ್ಟೋ ಸಲ ಅವರು ಯಾಕೆ ಕೊಟ್ಟರು ಅನ್ನುವ ಕಥೆ ಆಗಲೇ ಹೊರಬರುತ್ತದೆ. ತಾವೂ ಚಿಕ್ಕವರಿದ್ದಾಗ ಓದಲು ಒದ್ದಾಡಿದ್ದು, ಮೊಮ್ಮಗ ಈಗ ಒದ್ದಾಡುತ್ತಿರುವುದು. ಅದನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ನಿಮಗೊಂದು ವಿಷಯ ಹೇಳಲೇಬೇಕು. ಧನ್ಯವಾದದ ಫೋನ್ ಮಾಡಿದರೆ ದಾನ ಹೆಚ್ಚುತ್ತದೆ ಎಂದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳುತ್ತಾರೆ. ಅಮೆರಿಕದಲ್ಲಿ ಅನ್ಯಾ ಸಾಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಇದನ್ನು 5 ಲಕ್ಷಕ್ಕೂ ಹೆಚ್ಚು ದಾನಿಗಳ ಮೇಲೆ ಪರೀಕ್ಷೆ ಮಾಡಿ 2023ರಲ್ಲಿ ಪ್ರಕಟಿಸಿದರು. ಫೋನ್ ಬಂದವರೂ ಬಾರದವರೂ ಮುಂದೆ ಕೊಟ್ಟಿದ್ದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅನುಭವಿಗಳು ಮೊದಲೇ ಮಾಡಿದ್ದ ಅಂದಾಜು ಪೂರ್ತಿ ತಪ್ಪಾಗಿತ್ತು. ಅದನ್ನು ಓದಿದಾಗ ನನಗೂ ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ ವಿವರ ನೋಡಿದೆ. ಅವು ದೊಡ್ಡ ಪ್ರಮಾಣದಲ್ಲಿ, ಬರೆದುಕೊಟ್ಟ ಮಾತನ್ನು ಓದಿ ಹೇಳುವ ಕರೆಗಳು. ಬಹಳಷ್ಟು ಕರೆಗಳು ದಾನ ಬಂದು ಎಷ್ಟೋ ತಿಂಗಳಾದ ಮೇಲೆ ಮಾಡಿದ್ದು. ನಾನು ಅದರಿಂದ ಕಲಿತದ್ದು ಇಷ್ಟು. ಕರೆಯನ್ನು ದುಡ್ಡು ತರುವ ಉಪಾಯ ಅಂತ ಮಾಡಿದರೆ ಅದರಲ್ಲಿ ಸತ್ವ ಇರುವುದಿಲ್ಲ. ಕೆಲಸ ಮಾಡುವವರೇ, ಅದೇ ವಾರ, ಹೇಳಲು ಏನಾದರೂ ಇದ್ದಾಗ ಫೋನ್ ಮಾಡಬೇಕು. ಅದರಿಂದ ದಾನ ಹೆಚ್ಚುತ್ತದೆ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ದಾನಿಯ ಬಗ್ಗೆ ನಿಮಗೆ ಗೊತ್ತಾಗುವುದು ಹೆಚ್ಚುತ್ತದೆ. ಗೊತ್ತಿರುವವರನ್ನು ಕೇಳುವುದು ಸುಲಭ.

ಎಲ್ಲರೂ ಹೊಸ ದಾನಿಗಳನ್ನು ಹುಡುಕುವುದರಲ್ಲೇ ಇರುತ್ತಾರೆ. ಮಡಕೆಯ ತಳ ಸೋರುತ್ತಿರುವುದನ್ನು ನೋಡುವವರು ಕಡಿಮೆ. ಅಮೆರಿಕದ ಸಂಸ್ಥೆಗಳ ಲೆಕ್ಕ ಕೂಡಿಸುವ ಫಂಡ್‌ರೈಸಿಂಗ್ ಎಫೆಕ್ಟಿವ್‌ನೆಸ್ ಪ್ರಾಜೆಕ್ಟ್ ವರ್ಷ ವರ್ಷವೂ ತೋರಿಸುವುದು ಒಂದೇ ಚಿತ್ರ. ಈ ವರ್ಷ ಕೊಟ್ಟವರಲ್ಲಿ ಮುಂದಿನ ವರ್ಷವೂ ಕೊಡುವವರು ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಕೊಟ್ಟವರಲ್ಲಂತೂ ಮತ್ತೆ ಬರುವವರು ಐವರಲ್ಲಿ ಒಬ್ಬರ ಆಸುಪಾಸು. ನಿಮ್ಮ 140 ಹೆಸರನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 45 ಶೇಕಡಾ ಮಾತ್ರ ಉಳಿದರೆ, ಮುಂದಿನ ವರ್ಷ 63, ಆಮೇಲೆ 28, ಮೂರನೇ ವರ್ಷಕ್ಕೆ 13 ಜನ. ಅದೇ 60 ಶೇಕಡಾ ಉಳಿದರೆ 84, 50, 30. ಹದಿಮೂರಕ್ಕೂ ಮೂವತ್ತಕ್ಕೂ ಎಷ್ಟು ಅಂತರ ನೋಡಿ. ನೀವು ಪ್ರತಿ ವರ್ಷ ಕೊನೆಗೆ ಓಡುವುದು ಈ ಸೋರಿಹೋದ ಜಾಗ ತುಂಬಿಸುವುದಕ್ಕೇ.

ಹಾಗಾಗಿ ವಾರದ ಕೆಲಸದಲ್ಲಿ ಹೊಸಬರಿಗೆ ಜಾಗ ಸ್ವಲ್ಪವೇ ಇರಲಿ. ವಾರಕ್ಕೆ ಒಂದು ಹೊಸ ಹೆಸರು ಸಾಕು. ಅದೂ ಈಗಿರುವ ದಾನಿಯನ್ನೇ ಕೇಳಿ: "ನಮ್ಮ ಕೆಲಸ ನೋಡಬೇಕು ಅಂತ ಆಸೆ ಇರುವವರು ನಿಮಗೆ ಯಾರಾದರೂ ಗೊತ್ತಾ?" ಮೊದಲ ಸಲ ಕೊಟ್ಟವರ ಮೇಲೆ ವಿಶೇಷ ಕಣ್ಣಿಡಿ. ಅವರಿಗೆ ವರ್ಷ ತುಂಬುವ ಮುಂಚೆ, ಏನೂ ಕೇಳದೆ, ಎರಡು ಸಲವಾದರೂ ಸುದ್ದಿ ಮುಟ್ಟಬೇಕು. ಪ್ರತಿ ತಿಂಗಳು ಬ್ಯಾಂಕಿನಿಂದ ತಾನಾಗಿ ಕೊಡುವವರು ಇದ್ದರೆ, ಯಾರ ಹಣ ಬರಲಿಲ್ಲ ಅಂತ ಪ್ರತಿ ಗುರುವಾರ ನೋಡಿ. ಕಾರ್ಡಿನ ಅವಧಿ ಮುಗಿದಿರುತ್ತದೆ, ಖಾತೆ ಬದಲಾಗಿರುತ್ತದೆ. ಅವರು ನಿಲ್ಲಿಸಿಯೇ ಇರುವುದಿಲ್ಲ. ಆದರೂ ನಿಂತುಹೋಗಿರುತ್ತದೆ. ಅದೇ ವಾರ ಒಂದು ಮೆಸೇಜ್ ಹೋದರೆ ಸರಿಯಾಗುತ್ತದೆ. ಆರು ತಿಂಗಳಾದ ಮೇಲೆ ಹೇಳಿದರೆ ಅವರಿಗೂ ಇರುಸುಮುರುಸು, ನಿಮಗೂ ಇರುಸುಮುರುಸು.

ಈಗ ಎಲ್ಲರೂ ತಪ್ಪಿಸಿಕೊಳ್ಳುವ ಜಾಗಕ್ಕೆ ಬರೋಣ. ಕೇಳುವುದು.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಮುಖ್ಯಸ್ಥರು ನನ್ನ ಹತ್ತಿರ ದಪ್ಪ ನೋಟ್‌ಬುಕ್ ತಂದಿದ್ದರು. ಒಂಬತ್ತು ತಿಂಗಳ ಕೆಲಸ ಅದರಲ್ಲಿತ್ತು. ಅಕ್ಷರ ದುಂಡಗೆ, ತಾರೀಕು ಸಮೇತ. "ಇಷ್ಟೆಲ್ಲ ಮಾಡಿದರೂ ಹಣ ಬರುತ್ತಿಲ್ಲ" ಅಂದರು. ಇಬ್ಬರೂ ಕೂತು ಪುಟ ಪುಟ ನೋಡಿದೆವು. ಯಾರಿಂದಲಾದರೂ ಹಣ ಕೇಳಿದ ಜಾಗಕ್ಕೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆಯೋಣ ಅಂದೆ. ಪುಟ ತುಂಬ ಇದ್ದದ್ದು ಇಂಥ ಸಾಲುಗಳು: ಭೇಟಿಯಾದೆ, ಪರಿಚಯ ಮಾಡಿಕೊಂಡೆ, ಬ್ರೋಷರ್ ಕೊಟ್ಟೆ, ಮತ್ತೆ ಮಾತಾಡಬೇಕು, ಪ್ರಪೋಸಲ್ ಸಿದ್ಧವಾಗುತ್ತಿದೆ. ಇಡೀ ಪುಸ್ತಕದಲ್ಲಿ ನಾವು ಎಳೆದ ಗೆರೆ ಎರಡೇ ಎರಡು. ಆ ಇಬ್ಬರಲ್ಲಿ ಒಬ್ಬರು ಕೊಟ್ಟಿದ್ದರು. ಆ ಮುಖ್ಯಸ್ಥರು ತುಂಬಾ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತಿದ್ದರು. ಅವರು ಸೋಮಾರಿಯಾಗಿರಲಿಲ್ಲ. ಕೇಳುವ ಹೊತ್ತಿಗೆ ಬಂದಾಗಲೆಲ್ಲ ಬೇರೆ ಏನೋ ಕೆಲಸ ಮೊದಲು ಮಾಡಬೇಕು ಅನ್ನಿಸುತ್ತಿತ್ತು. ನಮ್ಮೆಲ್ಲರಿಗೂ ಹಾಗೇ ಆಗುತ್ತದೆ.

ಇದಕ್ಕೇ ನಾನು ಸಂಖ್ಯೆ ಇಡುತ್ತೇನೆ. ವಾರಕ್ಕೆ ಮೂರು. ಮೂರು ಜನರನ್ನು, ಅವರವರಿಗೇ ಅಂತ, ಇಷ್ಟು ಅಂತ ಹೇಳಿ ಕೇಳಬೇಕು. ಎಲ್ಲರಿಗೂ ಕಳಿಸುವ ವಾಟ್ಸಾಪ್ ಮೆಸೇಜ್ ಈ ಲೆಕ್ಕಕ್ಕೆ ಬರುವುದಿಲ್ಲ. ವಾರಕ್ಕೆ ಮೂರು ಅಂದರೆ 48 ವಾರಕ್ಕೆ 144. ನಿಮ್ಮ ಶೀಟಿನಲ್ಲಿ ಇರುವ 140 ಹೆಸರನ್ನೂ ವರ್ಷದಲ್ಲಿ ಒಂದು ಸಲ ಕೇಳಿದಂತಾಯಿತು. ನಾಲ್ಕು ವಾರ ರಜೆಯೂ ಉಳಿಯಿತು. ಈಗ ಎರಡು ತಿಂಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಹಿಡಿಯಲು ಹೋಗಿ ದಣಿಯುತ್ತೀರಲ್ಲ, ಅದೇ ಕೆಲಸ ಇದು. ವರ್ಷದ ಮೇಲೆ ಹರಡಿದ್ದೇವೆ, ಅಷ್ಟೇ.

ಕೇಳುವಾಗ ಮೊತ್ತ ಹೇಳಿ, ಅದರಿಂದ ಏನಾಗುತ್ತದೆ ಅನ್ನುವುದನ್ನೂ ಹೇಳಿ. "ಏನಾದರೂ ಸಹಾಯ ಮಾಡಿ" ಅಂದರೆ ಎಷ್ಟು ಅನ್ನುವ ಚಿಂತೆಯನ್ನು ಅವರ ತಲೆಗೆ ಕಟ್ಟಿದಂತೆ. "ಮೇಡಂ, ಬರುವ ತಿಂಗಳು ಹತ್ತು ಮಕ್ಕಳನ್ನು ಹೊಸದಾಗಿ ಸೇರಿಸಿಕೊಳ್ಳುತ್ತಿದ್ದೇವೆ. ಅದರಲ್ಲಿ ಒಂದು ಮಗುವಿನ ಇಡೀ ವರ್ಷದ ಖರ್ಚು ಇಷ್ಟಾಗುತ್ತದೆ. ಅದನ್ನು ನೀವು ನೋಡಿಕೊಳ್ಳಬಹುದಾ?" ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ಐದು ಸೆಕೆಂಡ್ ಇರಬಹುದು, ಐದು ನಿಮಿಷದ ಹಾಗೆ ಅನ್ನಿಸುತ್ತದೆ. ಬಾಯಿ ತೆರೆದು "ಕಷ್ಟ ಆದರೆ ಬೇಡ ಬಿಡಿ ಮೇಡಂ" ಅಂತ ನೀವೇ ಉತ್ತರ ಕೊಟ್ಟುಬಿಡಬೇಡಿ. ಅವರಿಗೆ ಯೋಚಿಸಲು ಬಿಡಿ. ಆಗುವುದಿಲ್ಲ ಅಂದರೆ ಅದೂ ಒಂದು ಉತ್ತರವೇ. "ಪರವಾಗಿಲ್ಲ ಮೇಡಂ, ಮುಂದೆ ಯಾವಾಗ ಕೇಳಿದರೆ ನಿಮಗೆ ಅನುಕೂಲ?" ಅನ್ನಿ. ವಾರದ ಮೂರರಲ್ಲಿ ಒಬ್ಬರನ್ನಾದರೂ ತಿಂಗಳು ತಿಂಗಳು ಸ್ವಲ್ಪ ಕೊಡುವುದಕ್ಕೆ ಕೇಳಿ. ಸಣ್ಣ ಸಂಸ್ಥೆಗೆ ಮುಂದಿನ ತಿಂಗಳು ಎಷ್ಟು ಬರುತ್ತದೆ ಅಂತ ಗೊತ್ತಿರುವುದು ದೊಡ್ಡ ನೆಮ್ಮದಿ.

ವಾರದ ಕೊನೆಗೆ ಬಂದ ಹಣವನ್ನು ಎಣಿಸಬೇಡಿ. ಅಂದರೆ ಲೆಕ್ಕ ಇಡಿ, ಆದರೆ ವಾರ ಚೆನ್ನಾಗಿತ್ತೋ ಇಲ್ಲವೋ ಅನ್ನುವುದನ್ನು ಅದರಿಂದ ಅಳೆಯಬೇಡಿ. ಇವತ್ತು ಕೇಳಿದ್ದಕ್ಕೆ ಹಣ ಮುಂದಿನ ತಿಂಗಳು ಬರಬಹುದು, ಗ್ರ್ಯಾಂಟ್, ಅಂದರೆ ಪ್ರಪೋಸಲ್ ಬರೆದು ಪಡೆಯುವ ಅನುದಾನ, ಆದರೆ ಇನ್ನೂ ಎಷ್ಟೋ ತಿಂಗಳು ಹಿಡಿಯಬಹುದು. ಎರಡು ವಾರ ಹಣ ಬರಲಿಲ್ಲ ಅಂದರೆ ಮನಸ್ಸು ಕುಗ್ಗುತ್ತದೆ, ಇದರಿಂದ ಪ್ರಯೋಜನ ಇಲ್ಲ ಅನ್ನಿಸುತ್ತದೆ. ನೀವು ಮೂರನೇ ವಾರಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ. ನಿಮ್ಮ ಕೈಯಲ್ಲಿರುವುದನ್ನು ಎಣಿಸಿ. ಎಷ್ಟು ಜನಕ್ಕೆ ಧನ್ಯವಾದ ಹೇಳಿದಿರಿ, ಎಷ್ಟು ಜನರನ್ನು ಕೇಳಿದಿರಿ. ಮೂರು ಜನರೂ ಆಗುವುದಿಲ್ಲ ಅಂದರೂ ಆ ವಾರ ಕೆಲಸ ಆಗಿದೆ.

ಗುರುವಾರದ ಅರ್ಧ ಗಂಟೆ ಬರೆದಿಡುವುದಕ್ಕೆ. ದುಬಾರಿ ಸಾಫ್ಟ್‌ವೇರ್ ಈಗಲೇ ಬೇಡ. ನಿಮ್ಮ ಎಕ್ಸೆಲ್ ಶೀಟೇ ಸಾಕು. ಹೆಸರಿನ ಮುಂದೆ ನಾಲ್ಕು ಕಾಲಂ ಇರಲಿ: ಕೊನೆಯ ಸಲ ಯಾವಾಗ ಮಾತಾಡಿದ್ದು, ಅವರು ಏನು ಹೇಳಿದರು, ಮುಂದೆ ನಾವು ಏನು ಮಾಡಬೇಕು, ಯಾವ ತಾರೀಕಿಗೆ. ಮೂರನೆಯದು ಮತ್ತು ನಾಲ್ಕನೆಯದು ಎಂದೂ ಖಾಲಿ ಇರಬಾರದು. ಒಂದು ಸಾಲು ಹೀಗಿರಬಹುದು: "12ನೇ ತಾರೀಕು ಮಾತಾಡಿದ್ದು. ಮಗಳ ಮದುವೆ ಓಡಾಟ, ಎರಡು ತಿಂಗಳು ಬೇಡ ಅಂದರು. ಹಿಂದೆ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದರಂತೆ, ನಮ್ಮ ಪುಸ್ತಕದ ಪಟ್ಟಿ ನೋಡಬೇಕಂತೆ. ಪಟ್ಟಿ ಕಳಿಸಬೇಕು, 20ಕ್ಕೆ." ಈ ಸಾಲು ಇದ್ದರೆ ಎರಡು ತಿಂಗಳಾದ ಮೇಲೆ ನೀವು ರಜೆಯಲ್ಲಿದ್ದರೂ ನಿಮ್ಮ ಸಹೋದ್ಯೋಗಿ ಅವರ ಜೊತೆ ಅಪರಿಚಿತರ ಹಾಗೆ ಮಾತಾಡಬೇಕಾಗುವುದಿಲ್ಲ. ಬರೆಯುವಾಗ ಒಂದು ಎಚ್ಚರ. ದಾನಿ ಅದನ್ನು ಓದಿದರೆ ನೊಂದುಕೊಳ್ಳುವಂಥ ಯಾವ ಮಾತನ್ನೂ ಬರೆಯಬೇಡಿ.

ಗುರುವಾರ ಏಳುವ ಮುಂಚೆ ಕೊನೆಯದಾಗಿ ಮುಂದಿನ ಮಂಗಳವಾರದ ಹೆಸರುಗಳನ್ನು ಆರಿಸಿಡಿ. ಇದನ್ನು ಬಹಳ ಜನ ಬಿಡುತ್ತಾರೆ. ಮಂಗಳವಾರ ಬೆಳಿಗ್ಗೆ "ಇವತ್ತು ಯಾರಿಗೆ ಮಾಡಲಿ?" ಅಂತ ಯೋಚಿಸಲು ಕೂತರೆ ನಲವತ್ತು ನಿಮಿಷ ಅದಕ್ಕೇ ಹೋಗುತ್ತದೆ. ಜೊತೆಗೆ ಕಷ್ಟದ ಹೆಸರುಗಳು ಮೆಲ್ಲನೆ ಪಟ್ಟಿಯಿಂದ ಜಾರಿಹೋಗುತ್ತವೆ.

ದಾನಿಗಳಿಗೆ ಹೇಳಲು ಪ್ರತಿ ವಾರ ಹೊಸ ಸುದ್ದಿ ಎಲ್ಲಿಂದ ಬರಬೇಕು? ಮಕ್ಕಳ ಜೊತೆ ಕೂರುವವರಿಂದ. ಸೋಮವಾರ ಸಂಜೆ ನಿಮ್ಮ ಸಹೋದ್ಯೋಗಿಗಳು ವಾರದ ಒಂದು ಘಟನೆಯನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಲಿ. ಬರೆಯಿರಿ ಅಂದರೆ ಅವರು ವರದಿಯ ಭಾಷೆಗೆ ಹೋಗುತ್ತಾರೆ. ಮಾತಾಡಿ ಅಂದರೆ ನಡೆದದ್ದು ನಡೆದ ಹಾಗೇ ಬರುತ್ತದೆ. ಒಂದೇ ಮಗುವಿನ ಕಥೆಗೆ ಜನ ಹೆಚ್ಚು ಸ್ಪಂದಿಸುತ್ತಾರೆ ಅನ್ನುವುದು ನಮಗೆಲ್ಲ ಅನುಭವದಿಂದ ಗೊತ್ತು. ಡೆಬೊರಾ ಸ್ಮಾಲ್, ಜಾರ್ಜ್ ಲೋವನ್‌ಸ್ಟೀನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಅದೇ ಕಂಡಿತು. ಅಂಕಿ ಅಂಶ ಓದಿದವರಿಗಿಂತ ಒಬ್ಬ ಹುಡುಗಿಯ ಬಗ್ಗೆ ಓದಿದವರು ಹೆಚ್ಚು ಕೊಟ್ಟರು. ಆ ಕಥೆಗೆ ಅಂಕಿ ಅಂಶವನ್ನೂ ಸೇರಿಸಿದಾಗ ದಾನ ಕಡಿಮೆಯಾಯಿತು. ಆದರೆ ಮಕ್ಕಳ ವಿಷಯದಲ್ಲಿ ನನ್ನದೊಂದು ಗಟ್ಟಿ ನಿಲುವಿದೆ. ಹೆಸರು ಬದಲಿಸಿ, ಮುಖ ತೋರಿಸಬೇಡಿ, ಮನೆಯವರ ಒಪ್ಪಿಗೆ ಇಲ್ಲದೆ ಏನೂ ಹೊರಗೆ ಹೋಗಬಾರದು. ಮಗುವಿನ ಕಷ್ಟವನ್ನು ಹಿಗ್ಗಿಸಿ ಹೇಳಲೂಬೇಡಿ. ಆ ಹುಡುಗಿ ದೊಡ್ಡವಳಾಗಿ ಆ ಕಥೆ ಓದಿದರೆ ತಲೆ ಎತ್ತಿಕೊಂಡು ಓದುವ ಹಾಗಿರಬೇಕು.

ಗ್ರ್ಯಾಂಟಿನ ಕೆಲಸವನ್ನು ಈ ಎರಡು ಗಂಟೆಯೊಳಗೆ ತರಬೇಡಿ. ಪ್ರಪೋಸಲ್ ಬರೆಯಲು ಶುರು ಮಾಡಿದರೆ ಅದು ವಾರವನ್ನೇ ನುಂಗುತ್ತದೆ, ಫೋನ್ ಕರೆಗಳು ನಿಂತುಹೋಗುತ್ತವೆ. ಅದಕ್ಕೆ ಬೇರೆ ದಿನ ಇಡಿ. ಗುರುವಾರ ಮಾತ್ರ ಕೊನೆಯ ದಿನಾಂಕಗಳ ಪಟ್ಟಿಯ ಮೇಲೆ ಒಂದು ನಿಮಿಷ ಕಣ್ಣು ಹಾಯಿಸಿ. ಈಗಾಗಲೇ ಹಣ ಕೊಟ್ಟವರಿಗೆ ಕಳಿಸಬೇಕಾದ ವರದಿ ಒಂದು ದಿನವೂ ತಡವಾಗಬಾರದು. ಟ್ರಸ್ಟಿಗಳಿಂದಲೂ ಹೆಚ್ಚು ನಿರೀಕ್ಷೆ ಬೇಡ. ತಿಂಗಳಿಗೆ ಎರಡು ಧನ್ಯವಾದದ ಕರೆ ಮಾಡಿ ಅಂದರೆ ಮಾಡುತ್ತಾರೆ, ಹಣ ತನ್ನಿ ಅಂದರೆ ಮುಂದಿನ ಸಭೆಗೆ ಬರುವುದೇ ಅನುಮಾನ.

ವಾರ ತಪ್ಪುವುದು ಖಂಡಿತ. ಯಾರಿಗೋ ಹುಷಾರಿರುವುದಿಲ್ಲ, ಕೇಂದ್ರದಲ್ಲಿ ಏನೋ ಆಗುತ್ತದೆ. ಲಾಲಿಯವರ ಅಧ್ಯಯನದಲ್ಲಿ ನನಗೆ ತುಂಬಾ ಧೈರ್ಯ ಕೊಟ್ಟ ಮಾತು ಇದು: ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಪೆಟ್ಟು ಬೀಳುವುದು ನಾವು ಅದಕ್ಕೆ ಕೊಡುವ ಅರ್ಥದಿಂದ. "ಅಯ್ಯೋ, ಈ ಸಲವೂ ನಿಂತುಹೋಯ್ತು" ಅಂದುಕೊಂಡ ಕೂಡಲೇ ನಿಜವಾಗಿ ನಿಲ್ಲುತ್ತದೆ. ಇದಕ್ಕೆ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿರಿ. ವಾರ ಪೂರ್ತಿ ಕೈತಪ್ಪಿದರೆ ಹದಿನೈದು ನಿಮಿಷದ ವಾರ ಮಾಡಿ. ಕೊಟ್ಟವರಿಗೆ ಧನ್ಯವಾದ, ಒಬ್ಬರನ್ನು ಕೇಳುವುದು, ಅಷ್ಟೇ. ಅದೂ ಆಗದಿದ್ದರೆ ಬಿಟ್ಟುಬಿಡಿ, ಮುಂದಿನ ಮಂಗಳವಾರ ಮೂರೇ ಜನರನ್ನು ಕೇಳಿ. ಬಾಕಿ ತೀರಿಸುತ್ತೇನೆ ಅಂತ ಆರು ಜನರಿಗೆ ಹೋಗಬೇಡಿ. ಹಾಗೆ ಬಾಕಿ ಬೆಳೆಸಿಕೊಂಡವರು ನಾಲ್ಕನೇ ವಾರ ಶೀಟ್ ತೆರೆಯುವುದಕ್ಕೇ ಹೆದರುತ್ತಾರೆ.

ಮೊದಲ ಮಂಗಳವಾರಕ್ಕೆ ಯಾರ ಹೆಸರು ಇಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಆ ನಿವೃತ್ತ ಶಿಕ್ಷಕಿಯ ಹೆಸರು ಮೊದಲು ಇರಲಿ. ಅವರನ್ನು ಆ ವಾರದ ಮೂರರಲ್ಲಿ ಎಣಿಸಬೇಡಿ, ಅವರಿಂದ ಹಣ ಕೇಳಬೇಡಿ. ಆರು ವರ್ಷ ಕೊಟ್ಟವರು ಸುಮ್ಮನೆ ನಿಲ್ಲಿಸುವುದಿಲ್ಲ. ಹುಷಾರಿಲ್ಲದಿರಬಹುದು, ಕೈ ಬಿಗಿಯಾಗಿರಬಹುದು. ನಿಮ್ಮಿಂದ ವರ್ಷಕ್ಕೊಂದೇ ಸಲ, ಅದೂ ಕೊನೆಯ ಓಟದಲ್ಲಿ ಫೋನ್ ಬರುತ್ತದಲ್ಲ ಅಂತ ಬೇಸರವೂ ಆಗಿರಬಹುದು. "ಮೇಡಂ, ಹೇಗಿದ್ದೀರಿ? ಎಷ್ಟು ದಿನ ಆಯ್ತು ನಿಮ್ಮ ದನಿ ಕೇಳಿ. ಫೋನ್ ಮಾಡಬೇಕಿತ್ತು, ಮಾಡಲಿಲ್ಲ, ಅದು ನನ್ನ ತಪ್ಪು" ಅನ್ನಿ. ಆಮೇಲೆ ಅವರು ಮಾತಾಡಲಿ. ಬೇಸರದ ಮಾತು ಬಂದರೆ ಅಡ್ಡ ಬಾಯಿ ಹಾಕಬೇಡಿ. ಅವರೂ ಮಕ್ಕಳಿಗೆ ಓದು ಕಲಿಸಿದವರು, ಆ ಹುಡುಗಿ ಪುಟ ಓದಿದಂಥ ಸುದ್ದಿ ನಿಮ್ಮಲ್ಲಿ ಇದ್ದೇ ಇರುತ್ತದೆ, ಅದನ್ನು ಹೇಳಿ. ಒಂದು ಸಂಜೆ ಬಂದು ಮಕ್ಕಳ ಪಕ್ಕ ಕೂರುತ್ತೀರಾ ಅಂತ ಕರೆಯಿರಿ. ಫೋನ್ ಇಟ್ಟ ಕೂಡಲೇ, ಗುರುವಾರಕ್ಕೆ ಕಾಯದೆ, ಅವರು ಹೇಳಿದ್ದನ್ನು ಅವರ ಹೆಸರಿನ ಮುಂದೆ ಬರೆದು ನಾಲ್ಕನೇ ಕಾಲಂನಲ್ಲಿ ತಾರೀಕು ಹಾಕಿ.